ಪ್ಯಾಲೆಟ್ ಮರ, ಹಳೆ ಹಂಚು, ಗುಜರಿ ಶೀಟು: ಕರಾವಳಿಯ ಮಳೆಗೆ ನಿಲ್ಲುವ ಕೊಟ್ಟಿಗೆಗೆ ಯಾವುದನ್ನು ಎಲ್ಲಿ ಬಳಸಬೇಕು?

ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಗಳ ಹಿತ್ತಿಲಲ್ಲಿ, ಪಣಂಬೂರಿನ ಬಂದರು ಕಡೆಯ ಗೋದಾಮುಗಳ ಬದಿಯಲ್ಲಿ, ಉಡುಪಿ-ಮಣಿಪಾಲದ ಟೈಲ್ಸ್ ಅಂಗಡಿಗಳ ಹಿಂದೆ ಸರಕು ಪೇರಿಸಿ ಸಾಗಿಸುವ ಮರದ ಹಲಗೆಚೌಕಟ್ಟುಗಳು, ಅಂದರೆ ಪ್ಯಾಲೆಟ್‌ಗಳು ರಾಶಿ ಬಿದ್ದಿರುತ್ತವೆ. ಊರ ಕಡೆ ಹಂಚಿನ ಮನೆ ಬಿಚ್ಚಿ ತಾರಸಿ ಮಾಡಿಸುವವರ ಅಂಗಳದಲ್ಲಿ ಪಕ್ಕಾಸು (ಮಾಡಿನ ಓರೆ ಮರ), ರೀಪು (ಹಂಚು ಕೂರುವ ಅಡ್ಡಪಟ್ಟಿ), ಹಂಚು, ಹಳೆ ಬಾಗಿಲು ಸಿಗುತ್ತವೆ. ಇವೆರಡನ್ನೂ ಸೇರಿಸಿದರೆ ಸೌದೆ ಕೊಟ್ಟಿಗೆ, ಕೋಳಿಗೂಡು, ತೋಟದ ಸಾಮಾನು ಇಡುವ ಕೋಣೆ ಯಾವುದನ್ನಾದರೂ ಕಟ್ಟಬಹುದು. ತೊಂದರೆ ಬರುವುದು ಯಾವ ಸಾಮಾನು ಎಲ್ಲಿಗೆ ಎಂಬ ಆಯ್ಕೆಯಲ್ಲಿ. ಯೂಟ್ಯೂಬ್‌ನಲ್ಲಿ ಕಾಣುವ ಪ್ಯಾಲೆಟ್ ಶೆಡ್‌ಗಳಲ್ಲಿ ಹೆಚ್ಚಿನವು ಒಣಹವೆಯ ಊರಿನವು. ಇಲ್ಲಿ ವರ್ಷಕ್ಕೆ 3,500ರಿಂದ 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಜತೆಗೆ ಒರಲೆ (ಗೆದ್ದಲು), ಉಪ್ಪುಗಾಳಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕರಾವಳಿಯಲ್ಲಿ ಪ್ಯಾಲೆಟ್ ಮರ ಗೋಡೆಗೆ ಮಾತ್ರ. ಕಂಬಕ್ಕೂ ಮಾಡಿಗೂ (ಚಾವಣಿಗೂ) ಹಳೆ ಮನೆಯ ಮರ, ನೆಲಕ್ಕೆ ಕಲ್ಲು. ಕಾಸು ಕೊಟ್ಟು ಹೊಸತಾಗಿ ತರಬೇಕಾದದ್ದು ಸ್ಕ್ರೂ, ಮರಕ್ಕೆ ಹಚ್ಚುವ ಎಣ್ಣೆ ಮತ್ತು ಸ್ವಲ್ಪ ಸಿಮೆಂಟು, ಅಷ್ಟೇ.

ಲೆಕ್ಕಕ್ಕೆ ಒಂದು ಅಳತೆ ಬೇಕಲ್ಲ, 8 ಅಡಿ ಉದ್ದ 8 ಅಡಿ ಅಗಲದ (2.4 ಮೀಟರ್) ಕೊಟ್ಟಿಗೆ ಎಂದು ಇಟ್ಟುಕೊಳ್ಳೋಣ. ಮೂರು ಬದಿಗೆ 2 ಮೀಟರ್ ಎತ್ತರದ ಗೋಡೆ, ಮೂಡು ಬದಿ ತೆರೆದಿದೆ. ಮಳೆಗಾಲದ ಗಾಳಿ ಪಡುವಣದಿಂದ ಬರುವುದರಿಂದ ಬಾಗಿಲು ಮೂಡಕ್ಕಿರಲಿ. ಅಳತೆಯನ್ನು 2.4 ಮೀಟರಿಗೆ ನಿಲ್ಲಿಸಿದ್ದಕ್ಕೂ ಕಾರಣವಿದೆ: ಸಾಮಾನ್ಯ ಪ್ಯಾಲೆಟ್ 1200×1000 ಮಿ.ಮೀ., ಎರಡು ಇಟ್ಟರೆ ಒಂದು ಗೋಡೆಯ ಅಗಲ ಸರಿಯಾಗಿ ಮುಗಿಯುತ್ತದೆ.

ಪ್ಯಾಲೆಟ್ ಆರಿಸುವಾಗ

ಹೊರದೇಶದಿಂದ ಬಂದ ಪ್ಯಾಲೆಟ್‌ನ ಬದಿಯ ಮರದ ತುಂಡಿನ ಮೇಲೆ ಸುಟ್ಟು ಒತ್ತಿದ ಅಚ್ಚೊಂದು ಇರುತ್ತದೆ. ಎಡಕ್ಕೆ ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಎರಡಕ್ಷರ, ಉತ್ಪಾದಕರ ಸಂಖ್ಯೆ, ಕೊನೆಗೆ ಎಚ್‌ಟಿ (HT) ಅಥವಾ ಎಂಬಿ (MB). ಇದು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದ ಗುರುತು. ಎಚ್‌ಟಿ ಎಂದರೆ ಮರದ ತಿರುಳಿಗೆ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ತಾಗಿದೆ. ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟಿದ್ದಾರೆ. ಎಂಬಿ ಗುರುತಿನದ್ದನ್ನು ಬಿಟ್ಟುಬಿಡಿ. ಕೋಳಿಗೂಡಿಗಂತೂ ಬೇಡವೇ ಬೇಡ. ಅದರ ತುಂಡುಗಳನ್ನು ಬಚ್ಚಲ ಒಲೆಗೂ ಹಾಕಬೇಡಿ.

ಎಚ್‌ಟಿ ಅಚ್ಚು ಕಂಡು ಇದಕ್ಕೆ ಒರಲೆ ಹಿಡಿಯುವುದಿಲ್ಲ ಎಂದುಕೊಳ್ಳುವವರು ಬಹಳ. ಆ ಬಿಸಿ ಅಂದು ಮರದೊಳಗಿದ್ದ ಹುಳವನ್ನು ಕೊಂದಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ನಾಳೆ ನಿಮ್ಮ ಹಿತ್ತಿಲಿನ ಒರಲೆ ಏರಿದರೆ ತಡೆಯುವ ಗುಣ ಅದರಲ್ಲಿ ಏನೂ ಉಳಿದಿಲ್ಲ. ಒಳನಾಡಿನ ಸಾಗಾಟಕ್ಕೆ ಇಲ್ಲೇ ಮಾಡಿದ ಪ್ಯಾಲೆಟ್‌ಗಳಿಗೆ ಅಚ್ಚು ಇರುವುದಿಲ್ಲ, ಅದೇ ಒಂದು ದೋಷವಲ್ಲ. ಆದರೆ ಅವುಗಳಲ್ಲಿ ರಬ್ಬರ್ ಮರದ್ದೂ ಇರುತ್ತವೆ. ರಬ್ಬರ್ ಮರಕ್ಕೆ ಕುಟ್ಟೆಹುಳ ಬಲುಬೇಗ ಬೀಳುತ್ತದೆ. ಹಲಗೆ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ, ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಆ ಪ್ಯಾಲೆಟ್ ಬೇಡ. ನೀಲಗಿರಿ ಗಟ್ಟಿ, ಆದರೆ ಒಣಗುವಾಗ ತಿರುಚಿ ಸೀಳುತ್ತದೆ. ಹೊರದೇಶದ ಪೈನ್ ಹಗುರ, ನೇರ, ಕೊಯ್ಯಲು ಸುಲಭ. ಗೋಡೆಗೆ ಅದೇ ಉತ್ತಮ.

ಎಣ್ಣೆ ಕಲೆ, ರಾಸಾಯನಿಕದ ವಾಸನೆ ಇರುವುದನ್ನು ಮುಟ್ಟಬೇಡಿ. ಧಕ್ಕೆ, ಮಲ್ಪೆ ಕಡೆ ಮೀನಿನ ಕೆಲಸಕ್ಕೆ ಬಳಸಿದ ಮರವೂ ಬೇಡ. ಮರ ಕುಡಿದ ಉಪ್ಪು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ, ಮೊಳೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಬಣ್ಣ ಬಳಿದು ಕಂಪನಿಯ ಹೆಸರು ಬರೆದ ಪ್ಯಾಲೆಟ್‌ಗಳು ಬಾಡಿಗೆಯವು. ಅವು ಗುಜರಿಯಲ್ಲಿ ಸಿಕ್ಕರೂ ಕೊಳ್ಳದಿರುವುದು ಒಳ್ಳೆಯದು.

ಇಡೀ ಪ್ಯಾಲೆಟ್ ನಿಲ್ಲಿಸುವುದೋ, ಬಿಚ್ಚಿ ಹಲಗೆ ಮಾಡುವುದೋ?

ಇಡಿಯಾಗಿ ನಿಲ್ಲಿಸಿದರೆ ಮೂರು ಗೋಡೆಗೆ ಎರಡು ಸಾಲಿನಂತೆ 12 ಪ್ಯಾಲೆಟ್ ಸಾಕು. ಇಬ್ಬರು ಸೇರಿದರೆ ಒಂದು ದಿನದ ಕೆಲಸ. ಹಲಗೆಗಳ ನಡುವೆ ಸಂದು ಇರುವುದರಿಂದ ಗಾಳಿ ಆಡುತ್ತದೆ. ಸೌದೆಗೆ ಬೇಕಾದದ್ದೂ ಅದೇ. ಆದರೆ ಪಡುವಣದ ಗೋಡೆಯಲ್ಲಿ ಈ ಸಂದುಗಳೇ ಶತ್ರು, ಜುಲೈಯ ಇರಿಚಲು ನೇರ ಒಳಗೆ ಬರುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಪ್ಯಾಲೆಟ್‌ನ ಎರಡು ಪದರದ ನಡುವಿನ ಟೊಳ್ಳಿನಲ್ಲಿ ತರಗೆಲೆ, ಮಣ್ಣು ಸೇರಿ ಒದ್ದೆಯಾಗಿಯೇ ಉಳಿಯುತ್ತದೆ. ಒರಲೆ ಹೆಚ್ಚಾಗಿ ಅಲ್ಲಿಂದಲೇ ಏರುತ್ತದೆ, ಇಲಿ ಗೂಡು ಕಟ್ಟುವುದೂ ಅಲ್ಲೇ, ಇಲಿಯ ಬೆನ್ನಿಗೆ ಹಾವು. ಕೋಳಿ ಸಾಕುವವರು ಈ ದಾರಿಗೆ ಹೋಗಲೇಬಾರದು.

ಬಿಚ್ಚಿ ಹಲಗೆ ಮಾಡುವುದು ಶ್ರಮದ ಕೆಲಸ, ಪ್ಯಾಲೆಟ್‌ಗಳೂ ಹೆಚ್ಚು ಬೇಕು. ಎಷ್ಟು ಎಂದರೆ ಜನ ಸಾಮಾನ್ಯವಾಗಿ ಅಂದಾಜಿಸುವ ಎರಡು ಪಾಲು. ಒಂದು ಪ್ಯಾಲೆಟ್‌ನಲ್ಲಿ ಮೇಲೆ ಏಳು ಹಲಗೆ, ಕೆಳಗೆ ಮೂರು. ಒಂದೊಂದು ಸುಮಾರು 100 ಮಿ.ಮೀ. ಅಗಲ, 16ರಿಂದ 22 ಮಿ.ಮೀ. ದಪ್ಪ. ಒಟ್ಟು ಒಂದು ಚದರ ಮೀಟರ್ ಆಸುಪಾಸು. ಬಿಚ್ಚುವಾಗ ಕಾಲು ಭಾಗ ಸೀಳಿ ಹಾಳಾಗುತ್ತದೆ. ಉಳಿದದ್ದನ್ನು ಒಂದರ ಮೇಲೊಂದು 25 ಮಿ.ಮೀ. ಹೊದೆಸಿ ಹೊಡೆದರೆ ಮುಚ್ಚುವ ಗೋಡೆ 0.6 ಚದರ ಮೀಟರಿಗಿಂತ ಹೆಚ್ಚಿಲ್ಲ. ಮೂರು ಗೋಡೆ 14.4 ಚದರ ಮೀಟರ್, ಅಂದರೆ 24 ಪ್ಯಾಲೆಟ್. ಹತ್ತು ತಂದು ಕೆಲಸ ಶುರುಮಾಡಿದರೆ ಅರ್ಧದಲ್ಲಿ ನಿಲ್ಲುವುದು ಖಂಡಿತ.

ನಾವು ಮೆಚ್ಚುವುದು ಎರಡನ್ನೂ ಬೆರೆಸಿದ ಕ್ರಮವನ್ನು. ಪಡುವಣದ ಗೋಡೆಗೆ ಬಿಚ್ಚಿದ ಹಲಗೆ ಹೊದೆಸಿ ಹೊಡೆಯುವುದು, ಅದಕ್ಕೆ 8 ಪ್ಯಾಲೆಟ್. ತೆಂಕು, ಬಡಗು ಬದಿಗೆ ನಾಲ್ಕು ನಾಲ್ಕರಂತೆ ಇಡೀ ಪ್ಯಾಲೆಟ್ ನಿಲ್ಲಿಸಿ, ಒಳಮುಖದ ಹಲಗೆ ತೆಗೆದು ಟೊಳ್ಳನ್ನು ಇಲ್ಲವಾಗಿಸುವುದು. ಒಟ್ಟು 16. ತೆಗೆದ ಒಳಮುಖದ ಹಲಗೆಗಳನ್ನು ಹೊರಗಿನ ದೊಡ್ಡ ಸಂದುಗಳ ಮೇಲೆ ಹೊಡೆಯಲು ಬಳಸಬಹುದು. ಸೌದೆ ಕೊಟ್ಟಿಗೆಗೆ ಇದು ಸಾಕು. ಕೋಳಿಗೂಡಿಗೆ ಮತ್ತು ಬೀಗ ಹಾಕುವ ಕೋಣೆಗೆ ಪೂರ್ತಿ 24 ತರುವುದೇ ಸರಿ.

ಬಿಚ್ಚುವ ವಿಧಾನಗಳಲ್ಲೂ ಆಯ್ಕೆ ಇದೆ. ಮೀಟುಗೋಲು ಹಾಕಿ ಎಬ್ಬಿಸಿದರೆ ಒಣ ಹಲಗೆ ಮೊಳೆಯ ಬಳಿಯೇ ಸೀಳುತ್ತದೆ, ಏಕೆಂದರೆ ಪ್ಯಾಲೆಟ್ ಮೊಳೆಗಳ ಮೈಯಲ್ಲಿ ಸುರುಳಿ ಅಥವಾ ಉಂಗುರದ ಗೆರೆಗಳಿರುತ್ತವೆ. ಹೊಡೆದದ್ದು ಮತ್ತೆ ಬರಬಾರದೆಂದೇ ಮಾಡಿದ ಮೊಳೆ ಅದು. ಹಲಗೆಗೂ ಕೆಳಗಿನ ಅಡ್ಡಮರಕ್ಕೂ ನಡುವೆ ತೆಳು ಆಪು ಬಡಿದು ಮೂರು ಮಿಲಿಮೀಟರ್ ಎಡೆ ಮಾಡಿ, ಕಬ್ಬಿಣ ಕೊಯ್ಯುವ ಬ್ಲೇಡನ್ನು ತೂರಿಸಿ ಮೊಳೆಯನ್ನೇ ಕತ್ತರಿಸುವುದು ಮೇಲು. ತಲೆ ಹಲಗೆಯಲ್ಲೇ ಉಳಿಯುತ್ತದೆ, ಉಳಿಯಲಿ. ಅಡ್ಡಮರಗಳ ನಡುವಿನ ಹಲಗೆಯನ್ನಷ್ಟೇ ಗರಗಸದಿಂದ ಕೊಯ್ದುಕೊಳ್ಳುವ ಸುಲಭ ದಾರಿಯೂ ಇದೆ, ಆದರೆ ಆಗ ಸಿಗುವುದು ಅರ್ಧ ಮೀಟರಿಗಿಂತ ಗಿಡ್ಡ ತುಂಡುಗಳು. ಕೋಳಿಯ ಮೊಟ್ಟೆಪೆಟ್ಟಿಗೆಗೆ ಆದೀತು, ಗೋಡೆಗಲ್ಲ.

ಹಲಗೆ ಹೊಡೆಯುವಾಗ ಒಂದು ಸೂಕ್ಷ್ಮ. ಮಾರ್ಚ್ ತಿಂಗಳಲ್ಲಿ ಒಣಗಿದ 100 ಮಿ.ಮೀ. ಹಲಗೆ ಜೂನ್ ಕೊನೆಗೆ ಅಡ್ಡಕ್ಕೆ ಸುಮಾರು ಎರಡು ಮಿಲಿಮೀಟರ್ ಹಿಗ್ಗುತ್ತದೆ. ಪಕ್ಕಪಕ್ಕ ಬಿಗಿಯಾಗಿ ಕೂರಿಸಿದ ಗೋಡೆ ಅದಕ್ಕೇ ಉಬ್ಬಿ ಸ್ಕ್ರೂ ಕೀಳುತ್ತದೆ. ಹೊದೆಸಿ ಹೊಡೆದಾಗಲೂ ಒಂದೇ ಸ್ಕ್ರೂ ಎರಡು ಹಲಗೆಯನ್ನು ಚುಚ್ಚಬಾರದು. ಮೇಲಿನ ಹಲಗೆಯ ಸ್ಕ್ರೂ ಕೆಳಗಿನ ಹಲಗೆಯ ಅಂಚಿಗಿಂತ ಸ್ವಲ್ಪ ಮೇಲೆ ಹೋಗಲಿ. ಆಗ ಪ್ರತಿ ಹಲಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ. ನಡುಗಂಬಗಳನ್ನು 60 ಸೆ.ಮೀ.ಗೆ ಒಂದರಂತೆ ನಿಲ್ಲಿಸಿದರೆ 1.2 ಮೀಟರ್ ಹಲಗೆಯ ತುದಿಗಳು ಕಂಬದ ಮೇಲೆಯೇ ಸೇರುತ್ತವೆ. ಮೂರೂ ಗೋಡೆಗೆ ಹಲಗೆ ಹೊಡೆದರೆ ಸ್ಕ್ರೂ 500ರಷ್ಟು ಬೇಕು.

ಕಂಬ ಮತ್ತು ಚೌಕಟ್ಟಿಗೆ

ಪ್ಯಾಲೆಟ್‌ನ ಅಡ್ಡಮರಗಳನ್ನು ಜೋಡಿಸಿ ಕಂಬ ಮಾಡುವವರಿದ್ದಾರೆ. ಒಂದೂಕಾಲು ಮೀಟರೂ ಇಲ್ಲದ ತುಂಡುಗಳನ್ನು ಕೂಡಿಸಿದ ಜಾಗವೇ ನೀರು ಇಳಿಯುವ ಜಾಗ, ಗಾಳಿಗೆ ಬಾಗುವ ಜಾಗವೂ ಅದೇ. ಅದು ಬೇಡ.

ಬಿಚ್ಚಿದ ಮನೆಯ ಮರದಲ್ಲಿ ಕಿರಾಲುಬೋಗಿ ಸಿಕ್ಕರೆ ಮರುಮಾತಿಲ್ಲದೆ ಕಂಬಕ್ಕೆ ಇಟ್ಟುಕೊಳ್ಳಿ. ಕಬ್ಬಿಣದಂಥ ತೂಕ, ಒರಲೆ ಸುಲಭಕ್ಕೆ ಮುಟ್ಟುವುದಿಲ್ಲ. ತೂತು ಕೊರೆಯದೆ ಸ್ಕ್ರೂ ಹಾಕಿದರೆ ಸ್ಕ್ರೂ ಮುರಿಯುತ್ತದೆ. ಹಲಸು, ಹೆಬ್ಬಲಸು ಕೂಡ ಒಳ್ಳೆಯವು, ಆದರೆ ಹೊರಗಿನ ಬಿಳಿ ಭಾಗ ಕೆತ್ತಿ ತೆಗೆಯಬೇಕು, ಹುಳ ತಿನ್ನುವುದು ಅದನ್ನೇ. ತಾಳೆ ಮತ್ತು ತೆಂಗಿನ ಪಕ್ಕಾಸು ಮಾಡಿಗೆ ಆಗುತ್ತದೆ, ಕಂಬಕ್ಕಲ್ಲ. ಅವುಗಳ ಗಟ್ಟಿತನ ಹೊರಪದರದಲ್ಲಿದೆ, ಬುಡದಲ್ಲಿ ನೀರು ಏರಿದರೆ ಒಳಗಿನಿಂದ ಪೊಳ್ಳಾಗುತ್ತದೆ.

ಯಾವ ಮರವೇ ಆಗಲಿ, ಗೋಡೆಯೊಳಗೆ ಕೂತಿದ್ದ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೊನೆ ಅರ್ಧ ಇಂಚು ಇಳಿದರೆ ಅಲ್ಲಿಂದ ಒಂದಡಿ ಕತ್ತರಿಸಿ. ಗರಗಸ ಇಡುವ ಮೊದಲು ಆಯಸ್ಕಾಂತ ಎಳೆದು ಒಳಗೆ ಹುದುಗಿದ ಹಳೆ ಮೊಳೆ ಹುಡುಕಿ. ನಾಲ್ಕು ಮೂಲೆಗೆ 4×4 ಇಂಚು, ನಡುಗಂಬಗಳಿಗೆ 2×3 ಇಂಚು ಸಾಕು. ಗುಜರಿಯ ಜಿಐ ಪೈಪು ಸಿಕ್ಕಿದರೆ ಅದೂ ಕಂಬಕ್ಕೆ ಒಳ್ಳೆಯದೇ, ಆದರೆ ಬೆಸುಗೆ ಹಾಕಿದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಆ ಜಾಗಕ್ಕೆ ಬಣ್ಣ ಹಚ್ಚದಿದ್ದರೆ ಉಪ್ಪುಗಾಳಿ ಮೊದಲು ತಿನ್ನುವುದು ಅದನ್ನು.

ಮೂಲೆಗಳಿಗೆ ಕರ್ಣವಾಗಿ ಎರಡಡಿಯ ತುಂಡು ಹೊಡೆಯುವುದನ್ನು ಬಹಳ ಜನ ಬಿಡುತ್ತಾರೆ. ತೆರೆದ ಮೂಡು ಬದಿಯಲ್ಲಿ ಅದು ಇಲ್ಲದಿದ್ದರೆ ಇಡೀ ಕೊಟ್ಟಿಗೆ ಒಂದೇ ಮಳೆಗಾಲದಲ್ಲಿ ಓರೆಯಾಗುತ್ತದೆ.

ಬುಡ

ಕಂಬವನ್ನು ನೇರ ಮಣ್ಣಿಗೆ ಹೂಳುವುದು ಅಗ್ಗ, ಮೊದಲು ಕೊಳೆಯುವುದೂ ಅದೇ. ಕಿರಾಲುಬೋಗಿಯಾದರೂ ಹೂಳಬೇಡಿ. ಎರಡು ಮುರಕಲ್ಲು (ಜಂಬಿಟ್ಟಿಗೆ) ಒಂದರ ಮೇಲೊಂದು ಇಟ್ಟು ಅದರ ಮೇಲೆ ಕಂಬ ನಿಲ್ಲಿಸಿದರೆ ಕೊಳೆತ ತಪ್ಪುತ್ತದೆ, ಆದರೆ ಗಾಳಿ ಎತ್ತಿದರೆ ಹಿಡಿಯುವವರಿಲ್ಲ. ಸರಿಯಾದದ್ದು: ಒಂದೂವರೆ ಅಡಿ ಗುಂಡಿ, ಕಾಂಕ್ರೀಟು ಹಾಕಿ ನೆಲದಿಂದ ಒಂದಡಿ ಮೇಲಕ್ಕೆ ಮುರಕಲ್ಲಿನ ಅಥವಾ ಕಾಂಕ್ರೀಟಿನ ಪೀಠ. ಅದರೊಳಗಿಂದ ಎರಡು ಕಬ್ಬಿಣದ ಪಟ್ಟಿ ಮೇಲೆ ಬಂದು ಕಂಬವನ್ನು ಎರಡೂ ಬದಿಯಿಂದ ಹಿಡಿದು ಬೋಲ್ಟ್‌ನಲ್ಲಿ ಬಿಗಿಯಾಗಲಿ. ಪಟ್ಟಿ ಕೆಳಗಿನ ಕಾಂಕ್ರೀಟಿನವರೆಗೆ ಇಳಿದಿರಬೇಕು, ಕಲ್ಲಿಗಷ್ಟೇ ಸಿಕ್ಕಿಸಿದರೆ ಸಾಲದು. ಒಂದಡಿ ಎತ್ತರ ಯಾಕೆಂದರೆ ಮಾಡಿನಿಂದ ಬೀಳುವ ನೀರು ಮಣ್ಣಿಗೆ ಬಡಿದು ಸಿಡಿಯುವುದು ಅಲ್ಲಿಯವರೆಗೆ. ಗೋಡೆಯ ಕೊನೆಯ ಹಲಗೆಯೂ ಅಷ್ಟೇ ಎತ್ತರದಲ್ಲಿ ನಿಲ್ಲಲಿ. ನೀರು ಬೀಳುವ ಸಾಲಿಗೆ ಒಂದು ಗೇಣು ಅಗಲಕ್ಕೆ ಜಲ್ಲಿ ಹರಡಿ.

ನೆಲಕ್ಕೆ ಪ್ಯಾಲೆಟ್ ಹಾಸುವುದಾದರೆ ಕಲ್ಲಿನ ಮೇಲೆ ಹಾಸಿ, ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಲು ಆಗುವಷ್ಟು ಎತ್ತರ ಇರಲಿ. ನಾಲ್ಕು ಬೆರಳಿನ ಕತ್ತಲೆ ಸಂದು ಹಾವಿಗೆ ಹೇಳಿ ಮಾಡಿಸಿದ ಜಾಗ.

ಮಾಡು: ಹಳೆ ಹಂಚೋ, ಶೀಟೋ?

ಹಂಚಿನ ಬಗ್ಗೆ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಈ ಊರಿನ ಹೆಸರನ್ನೇ ಹೊತ್ತ ವಸ್ತು ಅದು. ಹಳೆಯ ಮನೆಗಳಿಂದ ಇಳಿಸಿದ ಹಂಚು ಇನ್ನೊಂದು ಮಾಡಿಗೆ ಧಾರಾಳವಾಗಿ ಬಾಳುತ್ತದೆ. ಪ್ರಶ್ನೆ ಇರುವುದು ನಿಮ್ಮ ಚೌಕಟ್ಟು ಅದನ್ನು ಹೊರುತ್ತದೆಯೇ ಎಂಬುದರಲ್ಲಿ.

ನಾಲ್ಕೂ ಕಡೆ ಎರಡಡಿ ಚಾಚಿದ, 30 ಡಿಗ್ರಿ ಓರೆಯ ಎರಡಿಳಿಜಾರಿನ ಮಾಡು ಸುಮಾರು 15 ಚದರ ಮೀಟರ್ ಆಗುತ್ತದೆ. ಚದರ ಮೀಟರಿಗೆ 15ರಂತೆ 225 ಹಂಚು, ಒಡೆಯುವುದಕ್ಕೆಂದು ಸೇರಿಸಿ 250 ತನ್ನಿ. ನೆತ್ತಿಗೆ ಬೇರೆ ಹಂಚು 10. ಒಂದಕ್ಕೆ ಎರಡೂವರೆ ಕಿಲೊ ಹಿಡಿದರೂ ಒಣಗಿದಾಗಲೇ ಐದೂವರೆ ಕ್ವಿಂಟಾಲ್, ಮಳೆಯಲ್ಲಿ ನೀರು ಕುಡಿದರೆ ಇನ್ನೂ ಹೆಚ್ಚು. 0.45 ಮಿ.ಮೀ. ಶೀಟಿನ ಮಾಡು 60 ಕಿಲೊ ಒಳಗೆ ಮುಗಿಯುತ್ತದೆ. ಹಂಚಿಗೆ ಏಳು ಜೋಡಿ ಪಕ್ಕಾಸು (ಒಂದೊಂದು 7 ಅಡಿ), 165 ಅಡಿ ರೀಪು ಬೇಕು. ಎದುರುಬದುರು ಪಕ್ಕಾಸು ಗೋಡೆಯನ್ನು ಹೊರಗೆ ತಳ್ಳದಂತೆ ಅಡ್ಡಪಟ್ಟಿ ಹಾಕಿ ಕತ್ತರಿ ಕಟ್ಟಬೇಕು. ರೀಪಿಗೆ ಪ್ಯಾಲೆಟ್ ಹಲಗೆ ಬಳಸುವ ಆಸೆ ಬರುತ್ತದೆ. ಅದು ಚಪ್ಪಟೆಯಾಗಿ ಮಲಗಿ ಎರಡು ಪಕ್ಕಾಸಿನ ನಡುವೆ ಜೋಲುತ್ತದೆ, ಹಂಚಿನ ಕೊಕ್ಕೆಗಳು ಬಿಡುತ್ತವೆ, ಸೋರುವಿಕೆ ಅಲ್ಲಿಂದ.

ಹಂಚು ಆರಿಸುವಾಗ ಒಂದೇ ಮನೆಯದ್ದನ್ನು ತನ್ನಿ. ಒಂದೊಂದು ಕಾರ್ಖಾನೆಯ ಹಂಚಿನ ತೋಡು, ತುಟಿ ಒಂದೊಂದು ಅಳತೆ. ಬೆರೆಸಿದರೆ ಕೂರುವುದಿಲ್ಲ, ಮೇಲಿಂದ ನೋಡಲು ಸರಿಯಾಗಿ ಕಂಡರೂ ಇರಿಚಲು ಒಳಗೆ ಬರುತ್ತದೆ. ಬೆನ್ನಿನ ಮೇಲೆ ಅಚ್ಚಾದ ಹೆಸರು ನೋಡಿಕೊಂಡರೆ ಸಾಕು. ಹಂಚನ್ನು ಬೆರಳತುದಿಯಲ್ಲಿ ತೂಗಿ ಹಿಡಿದು ಗೆಣ್ಣಿನಿಂದ ತಟ್ಟಿ: ಟಣ್ ಎಂದರೆ ಒಳ್ಳೆಯದು, ದಬ್ ಎಂದರೆ ಕಾಣದ ಬಿರುಕು ಇದೆ. ಹಿಂಬದಿಯ ಕೊಕ್ಕೆ ಮುರಿದಿರಬಾರದು. ರೀಪಿನ ಅಂತರ ಸಾಮಾನ್ಯವಾಗಿ 32 ಸೆ.ಮೀ. ಆಸುಪಾಸು ಬರುತ್ತದೆ, ಆದರೆ ತಂದ ಹಂಚಿನ ಐದಾರನ್ನು ನೆಲದ ಮೇಲೆ ಜೋಡಿಸಿ ಅಳೆಯದೆ ರೀಪು ಹೊಡೆಯಬೇಡಿ. ಒಂದೆರಡು ಗಾಜಿನ ಹಂಚು ಸಿಕ್ಕರೆ ಒಳಗೆ ಬೆಳಕಿಗೆ ಬೇರೆ ಏನೂ ಬೇಡ.

ಶೀಟಿಗೆ ಒಂದೇ ಇಳಿಜಾರು ಸಾಕು: ಮೂಡಲ್ಲಿ ಎರಡೂವರೆ ಮೀಟರ್, ಪಡುವಣದಲ್ಲಿ ಎರಡು. 12 ಅಡಿ ಉದ್ದದ ನಾಲ್ಕು ಶೀಟು ಹಾಕಿದರೆ ನಡುವೆ ಜೋಡಣೆಯೇ ಬರುವುದಿಲ್ಲ. ಗುಜರಿ ಶೀಟಿನ ದೌರ್ಬಲ್ಯ ಹಳೆಯ ತೂತುಗಳು. ಬಿಸಿಲಿಗೆ ಎತ್ತಿ ಹಿಡಿದರೆ ಸೂಜಿಯಷ್ಟು ತೂತೂ ಹೊಳೆಯುತ್ತದೆ. ಉಬ್ಬಿನ ಮೇಲಿನ ತೂತನ್ನು ಸೀಲಂಟ್ ಹಾಕಿ, ರಬ್ಬರ್ ವಾಷರ್ ಇರುವ ಸ್ಕ್ರೂ ಬಿಗಿದು ಮುಚ್ಚಬಹುದು. ತಗ್ಗಿನಲ್ಲಿ ತೂತು ಇರುವ ಶೀಟು ಮಾಡಿಗೆ ಬೇಡ, ಪಡುವಣದ ಗೋಡೆಗೆ ಹೊಡೆಯಿರಿ. ಅಡ್ಡಪಟ್ಟಿಗಳ ನಡುವೆ ಮೂರಡಿಗಿಂತ ಹೆಚ್ಚು ಅಂತರ ಬಿಡಬೇಡಿ. ಹಗುರವಾದದ್ದಕ್ಕೆ ಗಾಳಿಯೇ ವೈರಿ, ಅದರಲ್ಲೂ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಗಾಳಿ ಘಟ್ಟದ ಕಡೆಯಿಂದಲೂ ಬೀಸಿ ತೆರೆದ ಮೂಡು ಬದಿಯಿಂದ ಒಳನುಗ್ಗಿ ಮಾಡನ್ನು ಎತ್ತುತ್ತದೆ. ಪಕ್ಕಾಸನ್ನು ಕಂಬಕ್ಕೆ ಮೊಳೆಯಲ್ಲಷ್ಟೇ ನಿಲ್ಲಿಸದೆ ಕಬ್ಬಿಣದ ಪಟ್ಟಿ ಸುತ್ತಿ ಕಟ್ಟಿ.

ತೆಂಗಿನ ಮರದಡಿ ಕಟ್ಟುವುದಾದರೆ, ಮಂಗಗಳ ಕಾಟ ಇದ್ದರೆ ಶೀಟೇ ಸರಿ. ಕೋಳಿಗಾದರೆ ಹಂಚು, ಮಾರ್ಚ್‌ನಿಂದ ಮೇವರೆಗೆ ಶೀಟಿನಡಿ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ. ಹಳೆಯ ಆಸ್ಬೆಸ್ಟಾಸ್ ಶೀಟು ಪುಕ್ಕಟೆ ಸಿಕ್ಕರೂ ತರಬೇಡಿ. ಕತ್ತರಿಸಿದಾಗ, ಕೊರೆದಾಗ, ಒಡೆದಾಗ ಏಳುವ ಧೂಳಿನ ನಾರು ಶ್ವಾಸಕೋಶಕ್ಕೆ ಹೊಕ್ಕರೆ ಮತ್ತೆ ಹೊರಬರುವುದಿಲ್ಲ, ಕ್ಯಾನ್ಸರಿಗೆ ಕಾರಣವಾಗುತ್ತದೆ.

ಸ್ಕ್ರೂ, ಎಣ್ಣೆ

ಬಿಚ್ಚಿದ ಮೊಳೆ ನೆಟ್ಟಗೆ ಮಾಡಿ ಹೊಡೆಯುವ ಉಳಿತಾಯ ಬೇಡ. ಜಿಪ್ಸಂ ಹಲಗೆಗೆ ಬಳಸುವ ಕಪ್ಪು ಸ್ಕ್ರೂ ಎಲ್ಲ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ, ಹೊರಗಿನ ಕೆಲಸಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ. ಒಂದು ಮಳೆಗಾಲಕ್ಕೆ ತುಕ್ಕು, ಮರ ಹಿಗ್ಗಿದಾಗ ತಲೆ ಪಟ್ಟೆಂದು ಹಾರುತ್ತದೆ. ಗೋಡೆಗೆ 40 ಮಿ.ಮೀ. ಸತು ಲೇಪದ ಸ್ಕ್ರೂ, ಕಡಲಿನಿಂದ ಒಂದೆರಡು ಕಿಲೊಮೀಟರ್ ಒಳಗಿದ್ದರೆ ಸ್ಟೇನ್‌ಲೆಸ್ ಸ್ಟೀಲ್.

ಮರಕ್ಕೆ ಹಚ್ಚಲು ಗೇರುಬೀಜದ ಸಿಪ್ಪೆಯ ಎಣ್ಣೆಗೆ ಸಾಟಿಯಾದದ್ದು ಅಗ್ಗದಲ್ಲಿ ಬೇರೊಂದಿಲ್ಲ. ದೋಣಿಗೂ ಪಕ್ಕಾಸಿಗೂ ಇಲ್ಲಿ ಹಿಂದಿನಿಂದ ಹಚ್ಚಿಕೊಂಡು ಬಂದದ್ದು ಅದೇ. ಕೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ, ಆದ್ದರಿಂದ ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಇಲ್ಲದೆ ಡಬ್ಬ ತೆರೆಯಬೇಡಿ. ಎಣ್ಣೆಯ ಡಬ್ಬವನ್ನು ಬಿಸಿಲಲ್ಲಿಟ್ಟರೆ ತೆಳುವಾಗಿ ಚೆನ್ನಾಗಿ ಇಳಿಯುತ್ತದೆ. ಮೊದಲು ಹಲಗೆಯ ಕೊಯ್ದ ತುದಿಗಳಿಗೆ ಕುಡಿಯುವಷ್ಟು ಹಚ್ಚಿ, ನೀರು ಏರುವುದು ಅಲ್ಲಿಂದ. ಎರಡು ಸಲ ಹಚ್ಚಬೇಕು, ನಡುವೆ ಪೂರ್ತಿ ಒಣಗಲು ಬಿಡಿ. ಬೋರಿಕ್ ಆಸಿಡ್-ಬೋರಾಕ್ಸ್ ದ್ರಾವಣ ಕುಟ್ಟೆಹುಳಕ್ಕೆ ಒಳ್ಳೆಯ ಮದ್ದು, ಆದರೆ ಮಳೆ ನೀರಿಗೆ ತೊಳೆದುಹೋಗುತ್ತದೆ. ಒಳಗಿನ ಮರಕ್ಕೆ ಮಾತ್ರ ಅದನ್ನು ಬಳಸಿ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಹಚ್ಚುವ ರೂಢಿಯನ್ನು ಬಿಡಬೇಕು. ಅದು ತೊಳೆದು ಇಳಿಯುವುದು ನಿಮ್ಮ ಬಾವಿಯ ಕಡೆಗೇ.

ಎಣ್ಣೆ ಒಣಗಲು ಒಳ್ಳೆಯ ಬಿಸಿಲು ಬೇಕಾದ್ದರಿಂದ ಬಿಚ್ಚುವ ಕೆಲಸ ಜನವರಿಯಲ್ಲಿ, ಎಣ್ಣೆ ಫೆಬ್ರವರಿ-ಮಾರ್ಚ್‌ನಲ್ಲಿ, ಪತ್ತನಾಜೆಯೊಳಗೆ (ತುಳುನಾಡಿನ ಈ ದಿನ ಮೇ ಕೊನೆಯ ಭಾಗದಲ್ಲಿ ಬರುತ್ತದೆ) ಮಾಡು ಪೂರ್ತಿ. ಮೊದಲ ಜೋರು ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಒಳಗೆ ನಿಂತು ನೋಡಿ, ಸೋರುವ ಹಂಚಿಗೆ ಒಳಗಿನಿಂದಲೇ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ತಿಂಗಳಿಗೊಮ್ಮೆ ಪೀಠದ ಮೇಲೆ ಮಣ್ಣಿನ ಸಣ್ಣ ಸುರಂಗದ ಗೆರೆ ಏರಿದೆಯೇ ಎಂದು ನೋಡಿ ಕೆರೆದು ಹಾಕಬೇಕು. ಪೀಠವನ್ನು ಒಂದಡಿ ಎತ್ತರಿಸಿದ್ದರಿಂದ ಒರಲೆ ನಿಮ್ಮ ಕಣ್ಣಿಗೆ ಬೀಳದೆ ಮರ ಮುಟ್ಟಲು ಆಗುವುದಿಲ್ಲ.